ಮುದ್ದೆ ಅಗಿದ ಸ್ಟ್ರೈಕರ್

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದು ಸಲವೂ ಸೋತಿಲ್ಲ. ನಂಬಿಕೆ ಬರಲಿಲ್ಲವೇ? ಗುಂಡ್ಲುಪೇಟೆಗೆ ಹೋಗಿ ಅವರನ್ನೇ ಕೇಳಿ ನೋಡಿ! ಅವರ ಫುಟ್‌ಬಾಲ್ ತಂಡ ಅರ್ಧ ಡಜನ್ ಗೋಲು ತಿಂದು ಬಂದ ದಿನವೂ ಮಾವ ಕಾಲು ತೊಳೆದು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ನಾವೆಲ್ಲಮ್ಮಿ ಸೋತೋ? ಅವ್ರು ಗೆದ್ರು, ಅಷ್ಟೇಯ" ಎಂದವರು. ಇವೆರಡಕ್ಕೂ ವ್ಯತ್ಯಾಸವೇನು ಎಂದು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸದಲ್ಲಿದ್ದಾಗಲೇ ಕಟ್ಟಿದ ತಂಡ ಇದು. ಹೆಸರು ಕಾಡಂಚಿನ ಗೆಳೆಯರ ಬಳಗ. ಊರಿಗೆ ಊರೇ ಕ್ರಿಕೆಟ್ಟಿನ ಹಿಂದೆ ಓಡುತ್ತಿದ್ದಾಗ ಇವರೊಬ್ಬರು ಫುಟ್‌ಬಾಲ್ ಕಂಕುಳಲ್ಲಿ ಇಟ್ಟುಕೊಂಡು ಎದುರು ದಿಕ್ಕಿಗೆ ನಡೆದರು. ನಿವೃತ್ತಿಯ ದಿನ ಟಿಕೆಟ್ ಮೆಷಿನ್ ವಾಪಸ್ ಕೊಟ್ಟರು, ಸೀಟಿಯನ್ನು ಮಾತ್ರ ಕೊಡಲಿಲ್ಲ. ತಂಡಕ್ಕೆ ತರಬೇತಿ ಕೊಡುವುದೂ ಅದರಲ್ಲೇ. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು! ಒಮ್ಮೆ ಪಂದ್ಯದ ನಡುವೆ ಎದುರಾಳಿ ಚೆಂಡು ತೆಗೆದುಕೊಂಡು ನುಗ್ಗಿ ಬರುತ್ತಿದ್ದಾಗ ಮಾವ ಗಾಬರಿಯಲ್ಲಿ ಹೊರಗಿನಿಂದಲೇ ಒಂದು ಸೀಟಿ ಊದಿಬಿಟ್ಟರು. ನಮ್ಮ ಹನ್ನೊಂದು ಜನವೂ ಬಸ್‌ಸ್ಟಾಪಿನಲ್ಲಿ ನಿಂತ ಹಾಗೆ ನಿಂತುಬಿಟ್ಟರು. ಎದುರಾಳಿಗೆ ಆ ಸೀಟಿಯ ಅಭ್ಯಾಸ ಇರಲಿಲ್ಲ, ಅವನು ನಿಲ್ಲಲಿಲ್ಲ.

ಇಂಥ ತಂಡದಲ್ಲಿ ಗೋಲು ಹೊಡೆಯಬಲ್ಲವನು ಒಬ್ಬನಿದ್ದ. ಅವನನ್ನು ಚಾಮರಾಜನಗರದ ತಂಡದವರು ಹಾರಿಸಿಕೊಂಡು ಹೋದರು. ಮೇಲಿಂದ ಲೀಗ್‌ನವರ ಎಚ್ಚರಿಕೆ ಬೇರೆ: ಈ ಸಲ ಒಂದಾದರೂ ಪಂದ್ಯ ಗೆಲ್ಲದಿದ್ದರೆ ನಿಮ್ಮ ತಂಡಕ್ಕೆ ಲೀಗ್‌ನಲ್ಲಿ ಜಾಗವಿಲ್ಲ. ಬೇರೆಯವರಾಗಿದ್ದರೆ ಕಂಗಾಲಾಗುತ್ತಿದ್ದರು. ಮಾವ ಏನು ಮಾಡಿದರು? ನುಗ್ಗೆಕಾಯಿ ತರಲು ಮಾರ್ಕೆಟ್ಟಿಗೆ ಹೋದರು!

ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿಗೆ ಕೇರಳದ ಗಾಡಿಗಳು ಲೋಡಿಗೆ ಬರುತ್ತವಷ್ಟೆ. ಅವತ್ತು ಬತ್ತೇರಿಯ ಒಬ್ಬ ಡ್ರೈವರ್ ಹುಡುಗ ತನ್ನ ಗಾಡಿಗೆ ಎಲೆಕೋಸು ತುಂಬಿಸುತ್ತಿದ್ದ. ಮೇಲಿಂದ ಒಂದು ಕೋಸು ಜಾರಿತು. ಹುಡುಗ ಅದನ್ನು ನೆಲಕ್ಕೆ ಬೀಳಲು ಬಿಡದೆ ಪಾದದ ಮೇಲೆ ಹಿಡಿದ, ಮಂಡಿಗೆ ಏರಿಸಿದ, ಅಲ್ಲಿಂದ ಒಂದೇ ಒದೆತಕ್ಕೆ ಗಾಡಿಯೊಳಕ್ಕೆ ಕಳಿಸಿದ. ಒಂದು ಎಲೆಯೂ ಹರಿದಿರಲಿಲ್ಲವಂತೆ. ಮಾವನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಅದು ಯಾವ ಕಾಲ್ಲಾ?"

"ಎಡಗಾಲು, ಚೇಟ್ಟಾ" ಎಂದನಂತೆ ಹುಡುಗ. ಅವರ ಕಡೆ ಅಣ್ಣನನ್ನು ಹಾಗೆ ಕರೆಯುತ್ತಾರೆ.

"ಬಲಗಾಲೂ ಅದಾ?"

"ಎರಡೂ ಉಂಟು, ಚೇಟ್ಟಾ" ಎಂದು ಹುಡುಗ ತನ್ನ ಕಾಲುಗಳನ್ನೇ ನೋಡಿಕೊಂಡನಂತೆ. ಅಷ್ಟಕ್ಕೇ ಒಪ್ಪಂದ ಮುಗಿಯಿತು. ಅವತ್ತು ಮನೆಗೆ ನುಗ್ಗೆಕಾಯಿ ಬರಲಿಲ್ಲ, ಸ್ಟ್ರೈಕರ್ ಸಿಕ್ಕಿದ ಸುದ್ದಿ ಬಂತು. ಅತ್ತೆ, "ಸಾರಿಗೆ ಅವನ್ನೇ ಹಾಕ್ಲಾ?" ಎಂದು ಕೇಳಿದರು.

ಇನ್ನು ಉಳಿದದ್ದು ಸಹಿ. ಆಟಗಾರ ಖುದ್ದಾಗಿ ಚಾಮರಾಜನಗರದ ಲೀಗ್ ಕಚೇರಿಗೆ ಬಂದು ಸಹಿ ಹಾಕಬೇಕು. ಹುಡುಗನಿಗೆ ಮತ್ತೆ ಗುಂಡ್ಲುಪೇಟೆ ಲೋಡು ಸಿಕ್ಕಿದ್ದು ಸಹಿಯ ಗಡುವಿನ ಕೊನೆಯ ದಿನವೇ. ಸಂಜೆ ಐದಕ್ಕೆ ಕಚೇರಿ ಬಾಗಿಲು ಮುಚ್ಚುತ್ತದೆ. ಹುಡುಗ ಮಧ್ಯಾಹ್ನಕ್ಕೇ ಗುಂಡ್ಲುಪೇಟೆಯಲ್ಲಿದ್ದ. ಅಲ್ಲಿಂದ ಚಾಮರಾಜನಗರಕ್ಕೆ ಒಂದು ಗಂಟೆಯ ದಾರಿ. ತಪ್ಪಿಸಿಕೊಳ್ಳಬೇಕೆಂದರೂ ತಪ್ಪಿಸಿಕೊಳ್ಳಲಾಗದಷ್ಟು ಸಮಯ ಇತ್ತು!

ಆದರೆ ನಮ್ಮ ಮಾವನ ತಂಡಕ್ಕೆ ಒಂದು ಪದ್ಧತಿ ಇದೆ. ಹೊಸ ಆಟಗಾರ ಯಾರೇ ಬರಲಿ, ಮೊದಲು ಅತ್ತೆಯ ಕೈಯಲ್ಲಿ ಮುದ್ದೆ ಉಣ್ಣಬೇಕು. ಆಮೇಲೆ ಸಹಿ, ಆಮೇಲೆ ಜರ್ಸಿ. ಇದಕ್ಕೆ ಯಾವ ಕಾಲಕ್ಕೂ ಯಾರಿಗೂ ವಿನಾಯಿತಿ ಇಲ್ಲ.

ನಾನು ಚಾಮರಾಜನಗರದಲ್ಲಿ ಕೆಲಸ ಮಾಡುವವಳು. ಅರ್ಧ ದಿನ ರಜೆ ಹಾಕಿ ಲೀಗ್ ಕಚೇರಿಯಲ್ಲಿ ಕಾವಲು ಕೂರಲು ಮಾವನ ಅಪ್ಪಣೆಯಾಗಿತ್ತು. ಕೂತಲ್ಲಿಂದಲೇ ಫೋನ್ ಮಾಡಿದೆ.

"ಹೊರಟ್ರಾ ಮಾವ?"

"ಉಣ್ತಾವ್ನೆ ಕಣಮ್ಮಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ. "ಈಗ?"

"ಇನ್ನೂ ಉಣ್ತಾವ್ನೆ. ಹಾಳಾದೋನು ಮುದ್ದೆ ಅಗೀತಾವ್ನೆ ಕಣಮ್ಮಿ!"

ಅಗಿಯುವುದೇ? ಮುದ್ದೆಯನ್ನೇ? ನಮ್ಮ ಕಡೆ ಹಲ್ಲು ಬರದ ಕೂಸಿಗೂ ಮುದ್ದೆ ನುಂಗುವುದು ಗೊತ್ತು! ಫೋನಿನಲ್ಲೇ ಅಲ್ಲಿನ ರಂಪ ಕೇಳಿಸುತ್ತಿತ್ತು.

"ಅಗಿಬ್ಯಾಡ ಕಣ್ಲಾ, ಉಪ್ಸಾರ್ಗೆ ಅದ್ದಿ ನುಂಗ್ಬುಡು!"

"ಚೇಟ್ಟಾ, ನುಂಗಿದ್ರೆ ಗಂಟಲಲ್ಲಿ ನಿಲ್ತದೆ, ಅಗಿದ್ರೆ ಹಲ್ಲಿಗೆ ಅಂಟ್ತದೆ. ಎಂತ ಮಾಡೂದು?"

"ಗೋಲ್ಕೀಪರ್ ಇಲ್ದ ಗೋಲು ಅನ್ಕೊ ಕಣ್ಲಾ ನಿನ್ ಗಂಟ್ಲ, ಒಳೀಕ್ ತಳ್ಳು!"

ಅತ್ತೆ ಸುಮ್ಮನಿರುವವರೇ? ತಟ್ಟೆ ಖಾಲಿಯಾದ ಕೂಡಲೇ, "ಪಾಪ, ದೂರದಿಂದ ಬಂದೈತೆ ಮಗ" ಎಂದು ಇನ್ನೊಂದು ಇಕ್ಕಿದರು.

ಇತ್ತ ನಾನು ಲೀಗ್ ಕಾರ್ಯದರ್ಶಿಗಳ ಎದುರು ಕೂತು ಅವರ ಮಂಡಿನೋವಿನ ಚರಿತ್ರೆಯನ್ನು ಆದಿಯಿಂದ ಕೇಳುತ್ತಿದ್ದೆ. ಎಡ ಮಂಡಿ ಮುಗಿದು ಬಲ ಮಂಡಿಯೂ ಮುಗಿಯಿತು. ಮೂರೂವರೆಗೆ ಮಾವ, "ಹೊರಟೋ ಕಣಮ್ಮಿ" ಎಂದರು. ನಾನು ನಿಟ್ಟುಸಿರು ಬಿಟ್ಟೆ. ಅದಾದ ಮೇಲೆ ಮಾವನ ಫೋನ್ ಎತ್ತಿದವರಿಲ್ಲ.

ಏನಾಗಿತ್ತು ಗೊತ್ತೆ? ತೆರಕಣಾಂಬಿ ದಾಟುವ ಹೊತ್ತಿಗೆ ಹೊಟ್ಟೆಯೊಳಗಿನ ಮುದ್ದೆ ಕೆಲಸ ಶುರುಮಾಡಿತ್ತು. ಹುಡುಗನ ಕಣ್ಣು ಎಳೆಯತೊಡಗಿತು. ಎಲೆಕೋಸಿನ ಗಾಡಿ ಓಡಿಸುವವನೂ ಅವನೇ ತಾನೇ? "ಐದೇ ನಿಮಿಷ ಕಣ್ಣು ಮುಚ್ಚಿ ಎದ್ದು ಓಗನ" ಎಂದು ಮಾವ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿದರು. ಎಬ್ಬಿಸುವ ಜವಾಬ್ದಾರಿ ಮಾವನದು. ಅವರೂ ಎರಡು ಮುದ್ದೆ ಉಂಡಿದ್ದರು. ಹೊಂಗೆಯ ನೆರಳು ಬೇರೆ. ಇನ್ನು ಹೇಳುವುದೇನಿದೆ?

ಅವರು ಬಂದು ಮುಟ್ಟಿದಾಗ ಕಾರ್ಯದರ್ಶಿಗಳು ಬೀಗ ಹಾಕಿ ಮೆಟ್ಟಿಲು ಇಳಿಯುತ್ತಿದ್ದರು. ಮಾವ ಕೆಳಗಿನ ಮೆಟ್ಟಿಲ ಮೇಲೆ ಅಡ್ಡ ನಿಂತರು. ಕೆನ್ನೆಯ ಮೇಲೆ ಗಾಡಿಯ ಸೀಟಿನ ಗೆರೆಗಳು ಇನ್ನೂ ಹಾಗೇ ಇದ್ದವು.

"ಐದು ಅಂದರೆ ಐದು ಸ್ವಾಮಿ. ಬೇಗ ಬರೋದಕ್ಕೆ ನಿಮಗೇನಾಗಿತ್ತು?"

"ಉಣ್ಣಕ್ ಕೂತಿದ್ದ."

"ಒಂದು ದಿನ ಊಟ ಬಿಟ್ಟಿದ್ದರೆ ಏನಾಗುತ್ತಿತ್ತು?"

ಅಷ್ಟು ಹೊತ್ತು ಬೇಡಿಕೊಳ್ಳಲು ಬಾಗಿದ್ದ ಮಾವ ನೆಟ್ಟಗೆ ನಿಂತರು. "ನೋಡಿ ಸ್ವಾಮಿ, ನಿಮ್ ಲೀಗು ಓದ್ರೆ ಓಯ್ತದೆ. ಹಸ್ದ ಹೊಟ್ಟೇಲಿ ಒಬ್ಬುನ್ನ ಕರ್ಕಬಂದು ಆಟ ಆಡ್ಸೋ ಜಾತಿ ನಾನಲ್ಲ. ನಡೀಲಾ!" ಎಂದು ಹುಡುಗನ ಭುಜ ಹಿಡಿದು ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಟ್ಟಿದ ತಂಡವನ್ನು ಎರಡು ಮುದ್ದೆಗೆ ಬಲಿ ಕೊಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಮೇಲಿನ ಕಥೆ ಚಿಕ್ಕದು. ಸ್ಟ್ರೈಕರ್ ಇಲ್ಲದೆಯೇ ಆಡಿದೆವು. ಒಂದೂ ಪಂದ್ಯ ಗೆಲ್ಲಲಿಲ್ಲ. ಅಲ್ಲಲ್ಲ, ಪ್ರತಿ ಪಂದ್ಯದಲ್ಲೂ ಅವರು ಗೆದ್ದರು. ಬತ್ತೇರಿಯ ಹುಡುಗ ಲೋಡು ಇದ್ದ ದಿನಗಳಲ್ಲಿ ಗೆರೆಯಾಚೆ ನಿಂತು ಮಲಯಾಳದಲ್ಲಿ ಅರಚಿದ. ಎದುರು ತಂಡದವರು ಆಕ್ಷೇಪಿಸಿದಾಗ ಮಾವ, "ಆಡಕ್ ತಾನೆ ಸೈನು ಬೇಕು? ಕೂಗಕ್ಕೂ ಬೇಕಾ?" ಎಂದು ಅವರ ಬಾಯಿ ಮುಚ್ಚಿಸಿದರು. ಕೊನೆಗೆ ಹೇಳಿದಂತೆ ಲೀಗ್‌ನವರು ನಮ್ಮ ತಂಡವನ್ನು ಕೈಬಿಟ್ಟರು. ಸಮಾಧಾನ ಹೇಳೋಣವೆಂದು ನಾನು ಗುಂಡ್ಲುಪೇಟೆಗೆ ಹೋದರೆ ಮಾವ ಅಂಗಳದಲ್ಲಿ ಚೆಂಡಿಗೆ ಗಾಳಿ ತುಂಬುತ್ತಿದ್ದರು.

"ಲೀಗ್‌ನೋರು ನಮ್ಮನ್ನ ಬುಟ್ರು ಕಣಮ್ಮಿ. ನಾವೇನು ಆಟ ಬುಟ್ಟಿದ್ದೀವಾ?"

ಅವತ್ತು ಭಾನುವಾರ. ತಂಡದವರೆಲ್ಲ ಎಂದಿನಂತೆ ಬಂದರು, ಬತ್ತೇರಿಯ ಹುಡುಗನೂ ಬಂದ. ಲೋಡಿಗಲ್ಲ, ಸುಮ್ಮನೆ ಆಡಲು! ಆಟ ಮುಗಿದ ಮೇಲೆ ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತರು. ಅತ್ತೆ ಮುದ್ದೆ ಇಕ್ಕಿದರು. ಎಲ್ಲರ ಕಣ್ಣೂ ಹುಡುಗನ ಮೇಲೆ. ಅವನು ತುತ್ತು ಮುರಿದ, ಉಪ್ಸಾರಿಗೆ ಅದ್ದಿದ, ಬಾಯಿಗಿಟ್ಟ, ಕಣ್ಣು ಮುಚ್ಚಿದ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹಲ್ಲು ಅಲ್ಲಾಡಲಿಲ್ಲ!

"ಗೋಲ್!" ಎಂದು ತಂಡಕ್ಕೆ ತಂಡವೇ ಕೂಗಿತು.

ಕೂಗದವರು ಮಾವ ಒಬ್ಬರೇ. ಎದ್ದು ಹಿತ್ತಿಲಿಗೆ ಹೋದರು. ನನಗೆ ಅರ್ಥವಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. "ಅವತ್ತು ಒಂದಿನ ನೀವಾದ್ರೂ ಬ್ಯಾಡ ಅನ್ನಬಾರದಿತ್ತಾ ಅತ್ತೆ? ಒಂದು ಬನ್ನು ಕೊಟ್ಟು ಕಳಿಸಿದ್ರೆ ತಂಡ ಉಳೀತಿತ್ತು."

ಅತ್ತೆ ಸೌಟು ಕೆಳಗಿಟ್ಟರು. "ನಿಮ್ಮಾವ ವಯಸ್ಸಲ್ಲಿ ಮೈಸೂರ್ನಲ್ಲಿ ಯಾವ್ದೋ ದೊಡ್ಡ ಟೀಮ್ಗೆ ಆಡಿ ತೋರ್ಸಕ್ ಓಗಿತ್ತು ಕಣಮ್ಮಿ. ಹಿಂದಿನ್ ದಿನದಿಂದ ಹೊಟ್ಗೇನೂ ಇಲ್ಲ. ಆಡ್ತಾ ಆಡ್ತಾ ಕಣ್ಕತ್ಲೆ ಬಂದು ಬಿದ್ಬುಡ್ತಂತೆ. ಇವ್ನಿಗೆ ದಮ್ಮಿಲ್ಲ ಅಂತ ವಾಪಸ್ ಕಳ್ಸ್‌ಬುಟ್ರು. ಉಂಡಿದ್ದಿಯೇನ್ಲಾ ಅಂತ ಒಬ್ರಾದ್ರೂ ಕೇಳ್ಬಾರ್ದಾ?"

ಮೆಟ್ಟಿಲ ಮೇಲೆ ನೆಟ್ಟಗೆ ನಿಂತ ಮಾವ ಕಣ್ಣಮುಂದೆ ಬಂದರು. ಅವತ್ತು ಅವರ ಮೇಲೆ ಮನಸ್ಸಿನಲ್ಲೇ ಉರಿದುಬಿದ್ದವಳು, ಈಗ ಸಾರಿನ ಪಾತ್ರೆ ಎತ್ತಿಕೊಂಡು ಅತ್ತೆಯ ಹಿಂದೆ ನಡುಮನೆಗೆ ಬಂದೆ.

ಮಾವ ಮುಖ ತೊಳೆದುಕೊಂಡು ಒಳಗೆ ಬಂದರು. ಹುಡುಗ ತಟ್ಟೆ ಖಾಲಿ ಮಾಡಿ ಕೂತಿದ್ದ.

"ಚೇಟ್ಟಾ, ಊಟ ಆಯ್ತು. ಇನ್ನು ಸೈನ್ ಎಲ್ಲಿ ಹಾಕಬೇಕು?"

ಲೀಗೇ ಇಲ್ಲದ ತಂಡಕ್ಕೆ ಎಲ್ಲಿಯ ಸಹಿ! ಮಾವ ಅವನ ಪಕ್ಕದಲ್ಲೇ ನೆಲಕ್ಕೆ ಕೂತು, ಖಾಲಿ ತಟ್ಟೆಯನ್ನು ಒಮ್ಮೆ ನೋಡಿದರು.

"ಹಾಕಾಯ್ತಲ್ಲ ಕಣ್ಲಾ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಇನ್ನೊಂದು ಇಕ್ಕಮ್ಮಿ ನಮ್ ಹುಡ್ಗುಂಗೆ" ಎಂದರು.