ಕುಸ್ಕೋಗೆ ಮೀಸಲಾದ ಕೋಡುಬಳೆ

ಮನೆಯಲ್ಲಿ ತಿಂಡಿ ಇಲ್ಲದಿದ್ದರೆ ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ. ಆದರೆ ತಿಂಡಿ ಇದೆ, ಡಬ್ಬಿ ತುಂಬ ಇದೆ, ಮಲಗುವ ಕೋಣೆಯ ಮೂಲೆಯಲ್ಲೇ ಇದೆ, ಆದರೂ ಅದು ನಿಮಗಲ್ಲ, ದಕ್ಷಿಣ ಅಮೆರಿಕದ ಒಂದು ಊರಿಗೆ ಮೀಸಲು ಎಂದರೆ ಯಾರ ಪಿತ್ತ ನೆತ್ತಿಗೇರುವುದಿಲ್ಲ ಹೇಳಿ? ನನ್ನದಂತೂ ಏರಿತ್ತು. ಲಾಕ್‌ಡೌನಿನ ಮೊದಲ ವಾರ ಏರಿದ್ದು ಇಳಿಯಲೇ ಇಲ್ಲ.

ಆ ಊರು ಕುಸ್ಕೋ. ಪೆರು ದೇಶದ ಬೆಟ್ಟಗಳ ನಡುವೆ ಇದೆ. ಒಂದು ಕಾಲಕ್ಕೆ ಇಂಕಾ ದೊರೆಗಳ ರಾಜಧಾನಿ. ಅಲ್ಲಿನ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯೇ ಇಲ್ಲವಂತೆ, ಆದರೂ ಒಂದು ಬ್ಲೇಡು ತೂರಿಸಲು ಆಗುವುದಿಲ್ಲವಂತೆ. ನಾನು ಇಷ್ಟೆಲ್ಲ ತಿಳಿದವನೇನಲ್ಲ. ತಿಳಿಸಿದವಳು ನನ್ನ ಹೆಂಡತಿ ಮಂಗಳಾ. ನಾವಿರುವ ಐರಿಶ್ ಊರು ಡ್ರೋಹೆಡಾದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಉಳಿದವರ ಹೆಂಡತಿಯರು ಹೊಸ ಮನೆಯ ಕನಸು ಕಾಣುತ್ತಾರೆ, ಕಾರಿನ ಕನಸು ಕಾಣುತ್ತಾರೆ. ಇವಳು ಕೆಲಸಕ್ಕೆ ಸೇರಿದ ದಿನದಿಂದ ಕುಸ್ಕೋ ಕುಸ್ಕೋ ಎಂದು ಜಪ ಮಾಡಿ, ಕೊನೆಗೂ ಆ ಮೇ ತಿಂಗಳಿಗೆ ರಜೆ ಗಿಟ್ಟಿಸಿ, ಟಿಕೆಟ್ಟನ್ನೂ ಮಾಡಿಸಿದ್ದಳು.

ನಮ್ಮವರಿಗೆ ಪ್ರವಾಸವೆಂದರೆ ಏನು ನೋಡಬೇಕು ಎನ್ನುವುದು ಆಮೇಲಿನ ಮಾತು. ಏನು ಕಟ್ಟಿಕೊಂಡು ಹೋಗಬೇಕು ಎನ್ನುವುದು ಮೊದಲು ತೀರ್ಮಾನವಾಗಬೇಕು. ತಿಪಟೂರಿನಲ್ಲಿರುವ ನಮ್ಮತ್ತೆಯ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಮಗಳು ಇಂಚರ ಬಾಯಿ ಬಿಟ್ಟಳು. ಕುಸ್ಕೋದಲ್ಲಿ ಗಿನಿಪಿಗ್ಗನ್ನು ಇಡಿಯಾಗಿ ಸುಟ್ಟು ತಟ್ಟೆಯಲ್ಲಿಟ್ಟು ಕೊಡುತ್ತಾರೆ ಎಂದು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ಇಲೀನ?" ಎಂದವರು ಮಾರನೆಯ ದಿನವೇ ಬಾಣಲೆ ಒಲೆಗಿಟ್ಟರು. ಫೆಬ್ರವರಿಯಲ್ಲಿ ಪರಿಚಯದ ಹುಡುಗಿಯೊಬ್ಬಳು ಊರಿಂದ ಬರುವಾಗ ಅವಳ ಕೈಯಲ್ಲಿ ಬಂತು ನೋಡಿ ಸಾಮಾನು: ಕೋಡುಬಳೆ, ನಿಪ್ಪಟ್ಟು, ಗೊಜ್ಜವಲಕ್ಕಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಮಂಗಳಾ ಎಲ್ಲವನ್ನೂ ಸಣ್ಣ ರೈಸ್ ಕುಕ್ಕರಿನ ಸಮೇತ ಕೆಂಪು ಸೂಟ್‌ಕೇಸಿಗೆ ತುಂಬಿ ಬೀಗ ಹಾಕಿದಳು.

ಮಾರ್ಚ್ ಬಂತು. ಮುಂದಿನದು ನಿಮಗೂ ಗೊತ್ತು. ದಿನಾ ಬೆಳಗ್ಗೆ ಬಸ್ಸು, ಲುವಾಸ್ ಟ್ರಾಮು ಹಿಡಿದು ಸ್ಯಾಂಡಿಫರ್ಡ್‌ನ ಆಫೀಸಿಗೆ ಹೋಗಿ ಬರುತ್ತಿದ್ದ ನಾನು ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮನೆಯಿಂದ ಎರಡು ಕಿಲೋಮೀಟರಿನಾಚೆ ಹೋಗಬಾರದು ಎಂದು ಸರ್ಕಾರದ ಅಪ್ಪಣೆಯಾಯಿತು. ಇಂಡಿಯನ್ ಅಂಗಡಿ ಇರುವುದು ಅದರಾಚೆ! ಹತ್ತಿರದ ಸೂಪರ್‌ಮಾರ್ಕೆಟಿಗೆ ಹೋದರೆ ಜನ ಅಕ್ಕಿಯನ್ನೂ ಟಾಯ್ಲೆಟ್ ಪೇಪರನ್ನೂ ಬಾಚಿಕೊಂಡು ಹೋಗಿದ್ದರು. ಉಳಿದದ್ದು ಬ್ರೆಡ್ಡು. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ, ಮಧ್ಯಾಹ್ನ ಬ್ರೆಡ್ಡಿಗೆ ಚೀಸು, ಸಂಜೆ ಬ್ರೆಡ್ಡಿಗೆ ನನ್ನ ನಿಟ್ಟುಸಿರು.

ಒಂದು ಸಂಜೆ ಕೇಳಿಯೇಬಿಟ್ಟೆ. ಬಹಳ ಮೆತ್ತಗೆ ಕೇಳಿದೆ, ಬೇಕಾದರೆ ಇಂಚರಳನ್ನೇ ವಿಚಾರಿಸಿ.

"ಮಂಗಳಾ, ಆ ಚಟ್ನಿಪುಡಿ ಸ್ವಲ್ಪ ತೆಗೀತೀಯಾ?"

"ಯಾವ ಚಟ್ನಿಪುಡಿ?"

"ಸೂಟ್‌ಕೇಸಲ್ಲಿರೋದು ಕಣೇ."

"ಅದು ಕುಸ್ಕೋಗೆ," ಎಂದಳು, ದೇವರ ನೈವೇದ್ಯಕ್ಕೆ ಕೈ ಹಾಕಿದವನನ್ನು ನೋಡುವಂತೆ ನೋಡಿ.

"ಏರ್‌ಪೋರ್ಟೇ ಮುಚ್ಚಿದೆಯಲ್ಲೇ! ಅಷ್ಟರಲ್ಲಿ ಕೋಡುಬಳೆ ಕೆಟ್ಟುಹೋಗುತ್ತೆ."

"ಅಮ್ಮ ಮಾಡಿದ್ದು ಕೆಡಲ್ಲ. ಮುಂದಕ್ಕೆ ಹೋಗಿರಬಹುದು ಅಷ್ಟೆ ರೀ, ಹೋಗೋದಂತೂ ಹೋಗ್ತೀವಿ."

ಇದಾವ ನ್ಯಾಯ? ಊರಿಗೆ ಊರೇ ಬಾಗಿಲು ಹಾಕಿಕೊಂಡಿದೆ, ಕಟ್ಟಿಕೊಂಡ ಗಂಡ ಬ್ರೆಡ್ಡು ತಿಂದು ಬ್ರೆಡ್ಡಿನ ಬಣ್ಣಕ್ಕೇ ತಿರುಗುತ್ತಿದ್ದಾನೆ, ನಿಪ್ಪಟ್ಟು ಮಾತ್ರ ಪೆರುವಿಗೆ ಹೊರಟು ಕೂತಿದೆ! ಇಂಚರಳ ಬಳಿ ದೂರಿಕೊಂಡರೆ ಅವಳು ಅಪ್ಪಟ ಡ್ರೋಹೆಡಾದ ರಾಗದಲ್ಲಿ, "ಯೂ ಆರ್ ಗ್ರ್ಯಾಂಡ್, ಡ್ಯಾಡ್," ಎಂದು ಮತ್ತೆ ಫೋನಿಗೆ ತಲೆ ತಗ್ಗಿಸಿದಳು. ಈ ದೇಶದಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದ್ದೀಯ ಎಂದಷ್ಟೇ, ಕಾಲು ಮುರಿದರೂ ಗ್ರ್ಯಾಂಡೇ.

ಅಷ್ಟಕ್ಕೇ ಮುಗಿಯಲಿಲ್ಲ. ಊಟಕ್ಕೆ ಕೂತರೆ ಕುಸ್ಕೋದಲ್ಲಿ ಏನೇನು ಮಾಡಬೇಕು ಎಂಬ ಪಾರಾಯಣ. ಮೊದಲ ದಿನ ಏನೂ ಮಾಡಬಾರದಂತೆ. ಊರು ಅಷ್ಟು ಎತ್ತರದಲ್ಲಿದೆ, ಗಾಳಿ ತೆಳು, ಉಸಿರು ಸಾಲುವುದಿಲ್ಲ. ಹಾಗಾಗಿ ಅಲ್ಲಿಯವರು ಕೊಡುವ ಎಲೆಯ ಬಿಸಿ ಟೀ ಕುಡಿದು ಮಲಗಬೇಕಂತೆ. ಆಮೇಲೆ ದೊಡ್ಡ ಚೌಕದಲ್ಲಿ ಕೂತು ಜನರನ್ನು ನೋಡಬೇಕು, ಸಂತೆಯಲ್ಲಿ ಬಣ್ಣಬಣ್ಣದ ಆಲೂಗಡ್ಡೆ ನೋಡಬೇಕು, ಓಣಿಯೊಂದರ ಗೋಡೆಯಲ್ಲಿರುವ ಹನ್ನೆರಡು ಮೂಲೆಯ ಕಲ್ಲನ್ನು ಮುಟ್ಟದೆ ನೋಡಬೇಕು. "ಎಲ್ಲಾ ನಡೆದೇ ನೋಡಬಹುದು ಗೊತ್ತಾ? ಎರಡು ಕಿಲೋಮೀಟರೊಳಗೇ ಇದೆ," ಎಂದು ಅವಳು ಹಿಗ್ಗಿದಾಗ ನನಗೆ ರೇಗಿಹೋಯಿತು. ನಮ್ಮ ಎರಡು ಕಿಲೋಮೀಟರಿನಲ್ಲಿ ಇರುವುದು ಒಂದು ಪೆಟ್ರೋಲ್ ಬಂಕು, ಬಾಯ್ನ್ ನದಿಯ ಒಂದು ದಂಡೆ, ನಾಯಿ ಹಿಡಿದುಕೊಂಡು ಆರಡಿ ದೂರದಿಂದ ಹವಾಮಾನ ಹೇಳುವ ಪಕ್ಕದ ಮನೆಯ ಮುದುಕ. ಎಲ್ಲವನ್ನೂ ಮುಟ್ಟದೆಯೇ ನೋಡುತ್ತಿದ್ದೆವು, ಆ ಮಾತು ಬೇರೆ.

ಹೀಗೆ ನಾನು ಕುದಿಯುತ್ತಿರುವಾಗಲೇ ಮೇ ಬಂತು. ನಮ್ಮ ವಿಮಾನ ಹಾರಬೇಕಾಗಿದ್ದ ವಾರ. ಒಂದು ಸಂಜೆ ಮಂಗಳಾ ಡ್ಯೂಟಿ ಮುಗಿಸಿ ಬಂದಳು. ಮಾಸ್ಕಿನ ಗೆರೆ ಕೆನ್ನೆಯ ಮೇಲೆ ಕೆಂಪಗೆ ಕೂತಿತ್ತು. ಸ್ನಾನ ಮಾಡಿದಳು. ಕುಸ್ಕೋದ ಹೆಸರನ್ನೂ ಎತ್ತಲಿಲ್ಲ. ಸೀದಾ ಕೋಣೆಗೆ ಹೋಗಿ, ನೆಲದ ಮೇಲೆ ಕೂತು, ಕೆಂಪು ಸೂಟ್‌ಕೇಸಿನ ಬೀಗ ತೆಗೆದಳು.

"ಇಂಚರಾ, ಮೂರು ತಟ್ಟೆ ತಗೊಂಡು ಬಾ," ಎಂದು ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ ನೋಡ್ತಾ ನಿಂತಿದ್ದೀರಾ? ತಿನ್ನಿ. ಇನ್ಯಾವ ಕುಸ್ಕೋ, ಇನ್ಯಾವ ಮಣ್ಣು."

ಡಬ್ಬಿ ತೆರೆದಿತ್ತು. ಇಂಗಿನ ಘಮ, ಅದರ ಹಿಂದೆಯೇ ಎಣ್ಣೆ ಹಳತಾಗುತ್ತಿರುವ ಒಂದು ಸಣ್ಣ ವಾಸನೆ. ಎರಡು ತಿಂಗಳಿಂದ ನಾನು ಕಾದಿದ್ದ ಗಳಿಗೆ. ನನ್ನ ಕೈ ಡಬ್ಬಿಗೆ ಹೋಗಬೇಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದು ಹೀಗೆ:

"ಮುಚ್ಚೇ ಮೊದಲು! ಅದು ಕುಸ್ಕೋಗೆ!"

ನಿಜವಾಗಿಯೂ ಕೋಪ ಬಂದಿತ್ತು ಸ್ವಾಮಿ. ಇಷ್ಟು ದಿನ ನನ್ನನ್ನು ಉಪವಾಸ ಕೆಡವಿ, ಈಗ ತಾನೇ ಹೋಗುವುದಿಲ್ಲ ಎಂದರೆ? "ತಮಾಷೆ ಅಂದುಕೊಂಡಿದ್ದೀಯಾ? ಆ ಹನ್ನೆರಡು ಮೂಲೆ ಕಲ್ಲನ್ನ ನಾನು ನೋಡಲೇಬೇಕು. ಹನ್ನೆರಡೂ ಮೂಲೆ ಎಣಿಸಬೇಕು. ಒಂದು ಕಮ್ಮಿಯಿದ್ರೂ ನಿನ್ನ ಸುಮ್ಮನೆ ಬಿಡಲ್ಲ!"

ಅವಳು ನನ್ನನ್ನೇ ನೋಡಿದಳು. ನಕ್ಕಳು. ನಗುತ್ತಾ ನಗುತ್ತಾ ಅಳತೊಡಗಿದಳು. "ಇವತ್ತು ವಾರ್ಡಲ್ಲಿ ಒಬ್ಬರು ಹೋಗಿಬಿಟ್ರು ಕಣ್ರೀ. ಏನೇನೋ ಮಾಡಿದ್ವಿ. ಉಸಿರೇ ಸಾಲಲಿಲ್ಲ."

ನನಗೆ ಬಾಯಿಪಾಠವಾಗಿದ್ದದ್ದು ಒಂದೇ. "ಕುಸ್ಕೋದಲ್ಲಿ ಮೊದಲ ದಿನ ಏನು ಮಾಡಬೇಕು?" ಎಂದೆ.

"ಏನೂ ಮಾಡಬಾರದು," ಎಂದಳು ಮೂಗೊರೆಸಿಕೊಂಡು. "ಬಿಸಿ ಟೀ ಕುಡಿದು ಮಲಗಬೇಕು."

"ಮತ್ತೆ? ಮಲಗು."

ಶುಂಠಿ ಜಜ್ಜಿ ಹಾಕಿ ಟೀ ಮಾಡಿಕೊಟ್ಟೆ. ಅರ್ಧ ಕುಡಿದು ನಿದ್ದೆ ಹೋದಳು. ನಾನು ಸೂಟ್‌ಕೇಸಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಅಡುಗೆಮನೆಗೆ ಬಂದು ಎರಡು ಚೂರು ಬ್ರೆಡ್ಡನ್ನು ಟೋಸ್ಟರಿಗೆ ತುರುಕಿದೆ. ಕೋಪವೇನೂ ಇಳಿದಿರಲಿಲ್ಲ. ಹೊಟ್ಟೆ ಬೇರೆ ಹಸಿದಿತ್ತು.

ಬಾಗಿಲಲ್ಲಿ ಇಂಚರ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. "ಡ್ಯಾಡ್, ಜಸ್ಟ್ ಒನ್ ಕೋಡುಬಳೆ? ಮಮ್ ವೋಂಟ್ ನೋ," ಎಂದಳು ಪಿಸುಮಾತಿನಲ್ಲಿ.

ನಾನು ಅವಳನ್ನು ನೋಡಿದೆ, ದೇವರ ನೈವೇದ್ಯಕ್ಕೆ ಕೈ ಹಾಕಿದವಳನ್ನು ನೋಡುವಂತೆ. ಆಮೇಲೆ ಅವಳ ತಟ್ಟೆಗೆ ಒಂದು ಚೂರು ಬ್ರೆಡ್ಡು ಹಾಕಿದೆ.