ಕಣ್ಣಿಗೆ ಹಾಕಿಸಿದ ಇಸ್ತ್ರಿ

ಮಳವಳ್ಳಿ ಪೇಟೆಯಲ್ಲಿ ನೆಟ್ಟಗೆ ಹೊಲಿಗೆ ಹಾಕುವ ದರ್ಜಿ ಯಾರು ಎಂದು ಕೇಳಿದರೆ ಜನ ನನ್ನ ಅಂಗಡಿ ತೋರಿಸುತ್ತಿದ್ದರು. ಅದೂ ಒಂದೇ ಕಣ್ಣಿನಲ್ಲಿ! ಬಲಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡಿಗೆ ಬಲಿಯಾಗಿತ್ತು. ಎಡಗಣ್ಣೊಂದು ಇರುವತನಕ ಅನ್ನಕ್ಕೆ ಮೋಸವಿಲ್ಲ ಎಂದು ನಿಶ್ಚಿಂತೆಯಿಂದ ಇದ್ದೆ.

ಹೋದ ವರ್ಷ ಪಕ್ಕದ ಬೀದಿಯ ಶಿವಣ್ಣನ ಮಗನಿಗೆ ಮದುವೆಯ ಪ್ಯಾಂಟು ಹೊಲಿಯಲು ಕೂತೆ. ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ ನಡುವೆ ಡೊಂಕಾಗಿ ಕಂಡಿತು. ಸ್ಕೇಲಿಟ್ಟು ನೋಡಿದೆ. ಸ್ಕೇಲೂ ಡೊಂಕು! ಹಾಳು ಪ್ಲಾಸ್ಟಿಕ್ಕು ಬಿಸಿಲಿಗೆ ಬಾಗಿದೆ ಎಂದು ಬೈದುಕೊಂಡು, ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ತಿದ್ದಿ ತಿದ್ದಿ ಕತ್ತರಿಸಿದೆ. ಮದುಮಗ ಹಾಕಿಕೊಂಡಾಗ ಒಂದು ಕಾಲು ಮಂಡ್ಯದ ಕಡೆಗೂ ಇನ್ನೊಂದು ಮದ್ದೂರಿನ ಕಡೆಗೂ ಹೊರಟಿತ್ತು. ಶಿವಣ್ಣ ಅದನ್ನು ನನ್ನ ಮೇಜಿನ ಮೇಲೆ ಎಸೆದು ಹೋದ.

ಹೆಂಡತಿ ಜಯಮ್ಮ ಪ್ಯಾಂಟನ್ನು ಒಮ್ಮೆ ನೋಡಿದವಳೇ ನನ್ನನ್ನು ಮಂಡ್ಯದ ಬಸ್ಸು ಹತ್ತಿಸಿದಳು. ಕಣ್ಣಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹೆಂಗಸು, ಗಲ್ಲ ಇಲ್ಲಿಡಿ, ಒಳಗಿನ ಹಸಿರು ಪ್ಲಸ್ ಗುರುತನ್ನೇ ನೋಡಿ ಎಂದರು. ನೋಡಿದೆ. ಅದರ ಕೈಕಾಲೆಲ್ಲ ತಿರುಚಿಕೊಂಡಿದ್ದವು.

“ನಿಮ್ಮ ಮಿಷನ್ನು ಸೊಟ್ಟ ಐತೆ ಕಣವ್ವ, ರಿಪೇರಿ ಮಾಡ್ಸಿ” ಎಂದು ಸಲಹೆ ಕೊಟ್ಟೆ. ಒಬ್ಬ ಕಸುಬುದಾರ ಇನ್ನೊಬ್ಬರಿಗೆ ಅಷ್ಟೂ ಹೇಳದಿದ್ದರೆ ಹೇಗೆ!

ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಕಣ್ಣಿನ ಹಿಂಭಾಗದ ರೆಟಿನಾ ಪದರದ ಮೇಲೆ ತೆಳ್ಳನೆಯ ಪೊರೆಯೊಂದು ಬೆಳೆದು, ನೂಲು ಜಗ್ಗಿದ ಬಟ್ಟೆಯ ಹಾಗೆ ಅದನ್ನು ನೆರಿಗೆಗಟ್ಟಿಸಿತ್ತು. ಇದು ವಯಸ್ಸಾದವರಿಗೆ ಮುಂದುಗಡೆ ಬರುವ ಮಾಮೂಲಿ ಪೊರೆಯಲ್ಲ, ತಡಮಾಡದೆ ಆಪರೇಷನ್ ಮಾಡಿ ಸುಲಿದು ತೆಗೆಯಬೇಕು ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಜಯಮ್ಮನಿಗೆ ತಿಳಿವಳಿಕೆ ಹೇಳಿದೆ. ನಮ್ಮವ್ವನ ಪೊರೆಯನ್ನು ಬಲಿಯಲು ಬಿಟ್ಟೇ ತೆಗೆಸಿದ್ದೆವು. ಎಲ್ಲಿ ಬೆಳೆದರೂ ಪೊರೆ ಪೊರೆಯೇ. ನಮ್ಮ ಸೀಮೆಯಲ್ಲಿ ಎಳೇ ಕಬ್ಬು ಕಡಿಯುವ ಪೆದ್ದ ಎಲ್ಲಾದರೂ ಉಂಟೇ? ಅವಳು ಡಾಕ್ಟರ ಮಾತು ಕೇಳು ಎಂದು ಬೇಡಿಕೊಂಡಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಬಲಿಯಲೆಂದು ದೀಪಾವಳಿ ಕಳೆದೆ, ಸಂಕ್ರಾಂತಿ ಕಳೆದೆ. ಯುಗಾದಿಯ ಹೊತ್ತಿಗೆ ಜಯಮ್ಮನ ಮುಖದ ನಡುವೆ ಮೂಗೇ ಕಾಣಲಿಲ್ಲ. ಪೊರೆ ಹಣ್ಣಾಯಿತು ಎಂದು ಸಂಭ್ರಮದಿಂದ ಮಂಡ್ಯಕ್ಕೆ ಹೋದೆ! ಹೊಸ ಸ್ಕ್ಯಾನ್ ನೋಡಿದ ಡಾಕ್ಟರು ಇವತ್ತೇ ಆಸ್ಪತ್ರೆಗೆ ಸೇರಿಕೊಳ್ಳಿ ಎಂದರು. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು.

ಆಪರೇಷನ್ ಆಯಿತು. ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಅದೇ ಮಿಷನ್ನಿಗೆ ಗಲ್ಲವಿಟ್ಟೆ. ಹಸಿರು ಗುರುತಿನ ಕೈಕಾಲು ಇನ್ನೂ ತಿರುಚಿಕೊಂಡೇ ಇದ್ದವು, ನಡುವೆ ಮಸುಕು.

“ಇನ್ನೂ ರಿಪೇರಿ ಮಾಡ್ಸಿಲ್ವೇನವ್ವ?” ಎಂದೆ. ಆ ಹೆಂಗಸು ನನ್ನನ್ನು ಡಾಕ್ಟರ ಕೋಣೆಗೆ ಕಳಿಸಿದರು.

ಚಿತ್ರದಲ್ಲಿ ನೆರಿಗೆ ಹೋಗಿ ಪದರ ಇಸ್ತ್ರಿ ಹಾಕಿದ ಹಾಗಿದೆಯಂತೆ, ಜಯಮ್ಮ ನೋಡಿ ಹೇಳಿದಳು. ಆದರೆ ಬಹಳ ಕಾಲ ಜಗ್ಗಿಸಿಕೊಂಡ ನರಗಳು ಸೋತುಹೋಗಿವೆ, ಇನ್ನು ಇಷ್ಟೇ ದೃಷ್ಟಿ ಎಂದರು ಡಾಕ್ಟರು.

“ಬಲೀಲಿ ಬಲೀಲಿ ಅಂತಿದ್ದೆ. ಬಲ್ತದೆ, ಬುಡು” ಎಂದು ಜಯಮ್ಮ ಬಸ್ಸಿನಲ್ಲಿ ಅತ್ತಳು. ನನಗೂ ಅಳು ಬಂತು.

ಈಗ ಅಂಗಡಿಯಲ್ಲಿ ಕತ್ತರಿ ಅವಳ ಕೈಯಲ್ಲಿದೆ. ನನಗೆ ಇಸ್ತ್ರಿಯ ಕೆಲಸ. ಒಂದು ಸುಕ್ಕೂ ಇಲ್ಲ ನೋಡು ಎಂದು ಬಟ್ಟೆ ಕೊಡುತ್ತೇನೆ. ಅವಳು ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಅದೇ ಬಟ್ಟೆಯನ್ನು ಮತ್ತೆ ಹಾಸುತ್ತಾಳೆ.