ಏಳನೆಯ ವರ್ಷದ ಹೊಸಬರು

ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯ ‘ವರ್ಷದ ಹೊಸಬರು’ ಪ್ರಶಸ್ತಿಯನ್ನು ಸತತ ಆರು ವರ್ಷ ಒಂದೇ ತಂಡ ಗೆದ್ದುಕೊಂಡಿದೆ. ಇದರಲ್ಲಿ ಯಾವ ಅಕ್ರಮವೂ ನಡೆದಿಲ್ಲವೆಂದು ಸ್ಪರ್ಧಾ ಸಮಿತಿಯು ಆರು ಸಲ ಸರ್ವಾನುಮತದಿಂದ ತೀರ್ಮಾನಿಸಿರುತ್ತದೆ.

ಆದರೂ ಆಡಿಕೊಳ್ಳುವವರ ಬಾಯಿಗೆ ಬೀಗ ಬೀಳಲೆಂದು ಏಳನೆಯ ವರ್ಷ ಸಮಿತಿ ಹೊರಗಿನ ಒಬ್ಬ ತೀರ್ಪುಗಾರರನ್ನು ನೇಮಿಸಿತು. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಊರಿಗೆಲ್ಲ ರಿಪೇರಿಯಣ್ಣ. ಮೂವತ್ತು ವರ್ಷ ಯಂತ್ರಗಳ ಹೊಟ್ಟೆಯೊಳಗೆ ಕೈ ಆಡಿಸಿದವರಾದ್ದರಿಂದ ಸದ್ದು ಕೇಳಿಯೇ ಕಾಯಿಲೆ ಹೇಳಬಲ್ಲರು.

“ಏನು ಕೇಳಿದ್ರೂ ತಲೆ ಆಡಿಸಿ ಬನ್ನಿ. ಊರ ಉಸಾಬರಿ ನಮಗ್ಯಾಕೆ?” ಎಂದು ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಕಳಿಸಿದಳು.

ಶಾಲೆಯ ಸಭಾಂಗಣದ ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ ಅಂಕಣ ಮಾಡಿದ್ದರು. ಅದರೊಳಗೆ ಚೆಲ್ಲಿದ ಹತ್ತು ಚೆಂಡುಗಳನ್ನು ರೋಬೋಟು ಹೆಕ್ಕಿ ಬಕೆಟ್ಟಿಗೆ ಹಾಕಬೇಕು. ಬಾಗಿಲ ಬಳಿಯೇ, ಫ್ಯಾನಿನ ಕೆಳಗೆ, ಆರು ವರ್ಷದ ಹೊಸಬರು ಕೂತಿದ್ದರು. ಎಲ್ಲರಿಗೂ ಮೀಸೆ ದಟ್ಟವಾಗಿ ಬಂದಿತ್ತು. ಮೊದಲ ವರ್ಷ ತಂಡದ ಹೆಸರು ‘ಮೊಳಕೆ’; ಆಮೇಲೆ ‘ಚಿಗುರು’, ‘ಕುಡಿ’, ‘ಎಳಸು’ ಇತ್ಯಾದಿಯಾಗಿ, ಈ ವರ್ಷ ‘ಪುನರ್ಮೊಳಕೆ’.

“ವರ್ಷಾ ವರ್ಷಾ ಹೆಸರು ಬೇರೆ, ತಂಡ ಬೇರೆ, ಸಾರ್,” ಎಂದರು ಅವರ ತರಬೇತುದಾರರು.

“ಹುಡುಗರು?”

“ಹುಡುಗರು ಅವರೇ. ಮನಸ್ಸು ಮಾತ್ರ ಹೊಸದು.”

ಅವರ ರೋಬೋಟು ಏಳು ಚೆಂಡು ಹೆಕ್ಕಿ, ತಾನೇ ಚಪ್ಪಾಳೆ ತಟ್ಟಿಕೊಂಡಿತು.

ಕೊನೆಯ ಮೇಜು ಕಕ್ಕಸಿನ ಬಾಗಿಲ ಪಕ್ಕದಲ್ಲಿತ್ತು. ಅಲ್ಲಿ ಹನ್ನೆರಡರ ಆಸುಪಾಸಿನ ಮೂವರು ಹುಡುಗಿಯರು. ಅವರ ರೋಬೋಟಿಗೆ ಡಬ್ಬಿ ಮುಚ್ಚಳದ ಚಕ್ರ, ಸೌಟಿನ ಕೈ. ಚಾಲೂ ಮಾಡಿದ ಕೂಡಲೇ ಅದು ಎಡಕ್ಕೆ ಎಳೆಯಿತು. ರಿಪೇರಿಯಣ್ಣ ಕಿವಿಗೊಟ್ಟರು.

“ಎರಡು ಮೋಟಾರೂ ಒಂದೇ ಮನೆಯವಲ್ಲ, ಅಲ್ವೇನಮ್ಮಾ?”

“ಒಂದು ಹಳೇ ಟೇಪ್‌ರೆಕಾರ್ಡರಿಂದು, ಮಾಮ. ಇನ್ನೊಂದು ನನ್ನ ತಮ್ಮನ ಆಟದ ಕಾರಿಂದು,” ಎಂದಳು ಜಡೆಯವಳು. “ಸೋಮವಾರ ವಾಪಸ್ ಕೊಡ್ಬೇಕು, ಇಲ್ಲಾಂದ್ರೆ ಅಮ್ಮನಿಗೆ ಹೇಳ್ತಾನಂತೆ. ನೇರ ಹೋಗಲ್ಲ ಅಂತ ಗೊತ್ತಾಯ್ತು, ಅದಕ್ಕೆ ಸುತ್ತು ಹಾಕ್ತಾನೇ ಹೆಕ್ಕೋದು ಕಲಿಸಿದ್ವಿ. ಗೆದ್ದರೆ ಒಂದೇ ಥರದ ಎರಡು ಮೋಟಾರು ಕೊಡ್ತಾರಂತೆ, ಹೌದಾ?”

ರೋಬೋಟು ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಒಂಬತ್ತು ಚೆಂಡು ಹೆಕ್ಕಿತು. ಹೆಂಡತಿಯ ಬುದ್ಧಿಮಾತು ರಿಪೇರಿಯಣ್ಣನ ಮನಸ್ಸಿನಿಂದ ಜಾರಿಹೋಯಿತು. ತೀರ್ಪಿನ ಹಾಳೆಯಲ್ಲಿ ಹೊಸಬರ ಪ್ರಶಸ್ತಿಯ ಎದುರು ಅವರು ಹುಡುಗಿಯರ ಹೆಸರನ್ನು ಒತ್ತಿ ಬರೆದರು.

ತೀರ್ಪಿನ ಕೋಣೆಯಲ್ಲಿ ಸಮಿತಿಯ ಕಾರ್ಯದರ್ಶಿಗಳು ಹಾಳೆ ನೋಡಿ ಕನ್ನಡಕ ಏರಿಸಿದರು.

“ಇವರನ್ನ ಪರಿಗಣಿಸೋಕೆ ಬರಲ್ಲ. ನಿಯಮ ಹದಿನಾಲ್ಕು: ಹೊಸಬರೆನಿಸಿಕೊಳ್ಳಲು ತಂಡವು ಹೊಸತನದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಹೊಂದಿರತಕ್ಕದ್ದು. ತತ್ಸಂಬಂಧ ಪ್ರಮಾಣಪತ್ರಗಳನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.”

“ಅವರು ಮೊದಲನೇ ಸಲ ಬಂದಿದ್ದಾರೆ, ಸ್ವಾಮಿ!”

“ಅದೇ ತೊಂದರೆ. ಮೊದಲನೇ ಸಲ ಬಂದವರು ಹೊಸಬರು ಅಂತ ಹೇಗೆ ನಂಬೋದು? ನಮ್ಮಲ್ಲಿ ಅವರ ದಾಖಲೇನೇ ಇಲ್ಲ. ಪುನರ್ಮೊಳಕೆ ನೋಡಿ, ಆರು ಪ್ರಮಾಣಪತ್ರ! ನಾವೇ ಸಹಿ ಹಾಕಿದ್ದು.”

“ಹಾಗಾದ್ರೆ ಈ ಮಕ್ಕಳು ಯಾರು?”

“ನಿಯಮ ಹದಿನೈದು. ಹೊಸತನ ರುಜುವಾತುಪಡಿಸಲಾಗದವರನ್ನು ಹಳಬರೆಂದು ಭಾವಿಸತಕ್ಕದ್ದು.”

ರಿಪೇರಿಯಣ್ಣನಿಗೆ ಕೋಪ ಮೂಗಿನ ತುದಿಗೆ ಬಂತು. ಆದರೆ ತುಕ್ಕು ಹಿಡಿದ ತಿರುಪನ್ನು ಸುತ್ತಿಗೆಯಿಂದ ಹೊಡೆದರೆ ತಲೆ ಮುರಿಯುತ್ತದೆಂದು ಅವರಿಗೆ ಗೊತ್ತಿತ್ತು. ಕುರ್ಚಿಗೆ ಒರಗಿ ಮೆಲ್ಲಗೆ ಕೇಳಿದರು:

“ಹಳಬರಿಗೆ ಏನಾದ್ರೂ ಬಹುಮಾನ ಇದೆಯಾ?”

ಕಾರ್ಯದರ್ಶಿಗಳು ನಿಯಮಾವಳಿಯ ಪುಟ ಮಗುಚುತ್ತ ಹೋದರು. ಅವರ ಮುಖ ಅರಳಿತು.

“ಇದೆ! ಹಿರಿಯ ಸಾಧಕರ ಪ್ರಶಸ್ತಿ. ಎರಡು ಪೆಟ್ಟಿಗೆ ಮೋಟಾರು, ವಿಶ್ರಾಂತಿಗೆ ಒಂದು ಒರಗು ಕುರ್ಚಿ. ಹತ್ತು ವರ್ಷದಿಂದ ಉಗ್ರಾಣದಲ್ಲೇ ಬಿದ್ದಿದೆ. ಹಳಬರು ಅಂತ ಅರ್ಜಿ ಹಾಕೋರೇ ಇಲ್ಲ, ಎಲ್ಲರೂ ಹೊಸಬರೇ. ದೊಡ್ಡ ಉಪಕಾರ ಮಾಡಿದ್ರಿ!”

ಪ್ರಕಟಣೆ ಗಂಭೀರವಾಗಿ ನಡೆಯಿತು. “ರೋಬೋಟ್ ಕ್ಷೇತ್ರಕ್ಕಾಗಿ ಬದುಕು ಸವೆಸಿದ ಹಿರಿಯರು ವೇದಿಕೆಗೆ ದಯಮಾಡಿಸಬೇಕು.” ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋಟಾರಿನ ಪೆಟ್ಟಿಗೆ ಕಂಡದ್ದೇ ತಡ, ಮೂವರೂ ಓಡಿದರು. “ಹಿರಿಯರೇ, ನಿಧಾನ!” ಎಂದು ಸ್ವಯಂಸೇವಕರು ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಹೊಸ ಪೀಳಿಗೆಗೆ ಎರಡು ಮಾತು ಹೇಳಿ ಎಂದಾಗ ಜಡೆಯವಳು ಧ್ವನಿವರ್ಧಕವನ್ನು ಬಗ್ಗಿಸಿಕೊಂಡಳು.

“ಅದು ಸೊಟ್ಟ ಹೋದ್ರೆ ಬೈಬೇಡಿ. ಎಲ್ಲಿಗೆ ಹೋಗುತ್ತೆ ಅಂತ ನೋಡಿ.”

ಮೀಸೆಯ ಹೊಸಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಮ್ಮ ಏಳನೆಯ ಪ್ರಮಾಣಪತ್ರ ಪಡೆದರು.

ಒರಗು ಕುರ್ಚಿ ಆಟೋದೊಳಗೆ ಹಿಡಿಸಲಿಲ್ಲ. ಮೂವರೂ ಅದನ್ನು ತಲೆಯ ಮೇಲೆ ಹೊತ್ತು, ನಗುತ್ತ ರಸ್ತೆ ದಾಟುತ್ತಿದ್ದುದನ್ನು ರಿಪೇರಿಯಣ್ಣ ಗೇಟಿನ ಬಳಿ ನಿಂತು ನೋಡುತ್ತಿದ್ದರು. ತರಬೇತುದಾರರು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

“ಸಾರ್, ಆ ಹಿರಿಯರ ಪ್ರಶಸ್ತಿ ನಮ್ಮ ಹುಡುಗರಿಗೂ ಸಿಗಬಹುದಾ?”

“ಸಿಗುತ್ತೆ, ಅವಸರ ಯಾಕೆ? ಆ ಹುಡುಗಿಯರಷ್ಟು ವಯಸ್ಸಾಗಲಿ.”

ತರಬೇತುದಾರರು ತಮ್ಮ ಮೀಸೆಯ ಹುಡುಗರ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟರು.

“ಅದೂ ನಿಜವೇ, ಸಾರ್. ಇನ್ನೂ ಚಿಕ್ಕವು.”